ಹೊಸ್ತಿಲ ಹೊರಗಿನ ಜೋಡು

ದೀಪ ಆರಿಸಬೇಡಿ. ಇರಲಿ. ಹೇಳುತ್ತೇನೆ.

ಇದು ಯಾರೋ ಯಾರಿಗೋ ಹೇಳಿ ನನ್ನ ಕಿವಿಗೆ ಬಿದ್ದದ್ದಲ್ಲ. ನನ್ನ ದೊಡ್ಡಮ್ಮನ ಮಗಳು ರೆಂಗಿನ್‌ಗೆ ಆದದ್ದು. ನಮ್ಮ ಅಡುಗೆಮನೆಯಲ್ಲಿ ಕೂತು, ಚಹಾದ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅವಳೇ ಹೇಳಿದ್ದು. ಕುಡಿಯಲಿಲ್ಲ, ಹಿಡಿದುಕೊಂಡೇ ಇದ್ದಳು. ಉಳಿದದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ನಮ್ಮ ಚೆಂಗೆಲ್‌ಕೊಯ್ ಊರಿನ ಕಡಲ ದಂಡೆಯಿಂದ ನಮ್ಮ ಬೀದಿಗೆ ಹತ್ತುವ ದಾರಿಯಲ್ಲಿ ಆ ದೊಡ್ಡ ಚಿನಾರ್ ಮರ ಇದೆಯಲ್ಲ, ಅದರ ಬುಡಕ್ಕೊಂದು ಕಲ್ಲಿನ ನಲ್ಲಿಕಟ್ಟೆ. ನೀರು ಬತ್ತಿ ಎಷ್ಟೋ ಕಾಲವಾಯಿತು. ನವೆಂಬರ್ ತಿಂಗಳು. ಅಪರಾತ್ರಿ. ಶೂಟಿಂಗ್ ಮುಗಿಸಿಕೊಂಡು ರೆಂಗಿನ್ ಒಬ್ಬಳೇ ಹತ್ತಿ ಬರುತ್ತಿದ್ದಳು. ದೂರದಲ್ಲಿ ನೀರಿನ ಮೇಲೆ ಯಾವುದೋ ಸರಕು ಹಡಗು... ಗುಡು ಗುಡು ಗುಡು... ಅಷ್ಟೇ. ಬೀದಿನಾಯಿಗಳೂ ಮಲಗಿದ್ದವು.

ನಲ್ಲಿಕಟ್ಟೆಯ ಹತ್ತಿರ ಬಂದಾಗ ಕೆಮ್ಮು ಕೇಳಿಸಿತು.

ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕೆಮ್ಮಿದ ಕೆಮ್ಮು. ಖುಹ್... ಖುಹ್... ಯಾರಿಗೂ ಕೇಳಿಸಬಾರದು ಅನ್ನುವ ಹಾಗೆ.

“ಯಾರದು?”

“ನಾನೇ ಮಗಳೇ.” ಪಿಸುದನಿ. “ಮುಗೀತಾ ನಿಮ್ದು?”

ಕಲ್ಲಿನ ಮೇಲೆ ದಂಡೆಯ ಮನೆಯ ಮುದುಕಿ ಸಾಹಿರೆ ಹಾನಿಮ್, ಅಂದರೆ ಸಾಹಿರೆ ಅಮ್ಮಾವ್ರು, ಕೂತಿದ್ದರು. ರಾತ್ರಿ ಅಂಗಿ, ಅದರ ಮೇಲೆ ಸತ್ತ ಗಂಡನ ಕೋಟು. ಕಾಲಲ್ಲಿ ಕಪ್ಪು ಜೋಡು.

“ಮುಗೀತು ಅಜ್ಜಿ. ಈಗಷ್ಟೇ.”

“ಹಾಗಾದ್ರೆ... ನಾನಿನ್ನು ಮನೆಗೆ ಹೋಗ್ಲಾ?”

ದೆವ್ವ ಅಂದುಕೊಂಡಿರಾ? ಅಲ್ಲ. ಆಗಿನ್ನೂ ಅವರು ಬದುಕಿದ್ದರು. ರೆಂಗಿನ್ ಕೈ ಹಿಡಿದು ಎಬ್ಬಿಸಿದಳು. ಕೈ ಜ್ವರದಿಂದ ಸುಡುತ್ತಿತ್ತು. ಇಬ್ಬರೂ ಇಳಿಜಾರಿನಲ್ಲಿ ಇಳಿದರು. ಸಾಹಿರೆ ಹಾನಿಮ್‌ಗೆ ಎಡಗಾಲು ಎತ್ತಲು ಬರುತ್ತಿರಲಿಲ್ಲ, ಎಳೆಯುತ್ತಿದ್ದರು. ಟಕ್... ಸರ್ರ್... ಟಕ್... ಸರ್ರ್...

ಹಿತ್ತಲ ಬಾಗಿಲಲ್ಲಿ ಸೊಸೆ ನೆವ್ರಾ ನಿಂತಿದ್ದಳು.

“ಮತ್ತೆ ಹೊರಗೆ ಹೋದ್ರಾ ಅಮ್ಮ? ಬೀದಿಯೋರು ಏನಂದ್ಕೋತಾರೆ? ಸೊಸೆ ಆಚೆ ಹಾಕಿದ್ಲು ಅಂತಾರೆ.”

“ನೀನೇ ಹೇಳಿದ್ಯಲ್ಲಮ್ಮ, ಅವರದು ಮುಗಿಯೋ ತನಕ ಕಾಣಿಸ್ಕೋಬೇಡಿ ಅಂತ.”

“ಕಾಣಿಸ್ಕೋಬೇಡಿ ಅಂದ್ರೆ ಮರದ ಕೆಳಗೆ ಹೋಗಿ ಭಿಕ್ಷೆಯವರ ಥರ ಕೂತ್ಕೊಳ್ಳಿ ಅಂತ ಅರ್ಥಾನಾ? ನಡೀರಿ, ನಡೀರಿ.”

ಆ ಮನೆ ಸಾಹಿರೆ ಹಾನಿಮ್ಮರದೇ. ನೀರಿನಂಚಿಗೇ ಕಟ್ಟಿದ ಹಳೇ ಮರದ ಮಹಲು. ಸೊಸೆಯಾಗಿ ಬಂದದ್ದು ಅಲ್ಲಿಗೆ, ಮಗನನ್ನು ಹೆತ್ತದ್ದು ಅಲ್ಲಿ. ಮಗ ಹಡಗಿನ ಇಂಜಿನಿಯರು, ವರ್ಷದಲ್ಲಿ ಮುಕ್ಕಾಲು ಪಾಲು ಸಮುದ್ರದ ಮೇಲೆ. ಅವನಿಲ್ಲದಾಗ ನೆವ್ರಾ ಮಹಲನ್ನು ಟಿವಿ ಧಾರಾವಾಹಿಯವರಿಗೆ ಬಾಡಿಗೆಗೆ ಕೊಟ್ಟಳು. ಅತ್ತೆಯನ್ನು ಹಿತ್ತಲ ಇಸ್ತ್ರಿ ಕೋಣೆಗೆ ಹಾಕಿದಳು. ಒಂದು ಮಂಚ, ಮೇಲೆ ತೂಗುವ ಒಂದು ಬಲ್ಬು. ಕಿಟಕಿ ಇಲ್ಲ.

ಧಾರಾವಾಹಿ ಒಬ್ಬ ಮಹಾ ಗರ್ವದ ಅತ್ತೆಯ ಕತೆ. ಮಹಲಿನ ಒಡತಿ. ಅವಳ ಪಾತ್ರ ಹಿರಿಯ ನಟಿ ಬೆಹಿಜೆ ಹಾನಿಮ್ಮರದು. ರೆಂಗಿನ್ ಕೆಲಸ ಏನು ಅಂದರೆ, ಬೆಹಿಜೆ ಹಾನಿಮ್ ಒಳಗೆ ಚಹಾ ಕುಡಿಯುವಾಗ ಅವರ ಜಾಗದಲ್ಲಿ ನಿಲ್ಲುವುದು. ಅವಳ ಮುಖಕ್ಕೆ ಲೈಟು ಬಿಟ್ಟು ನೋಡುತ್ತಾರೆ, ಕ್ಯಾಮೆರಾ ಹೊಂದಿಸುತ್ತಾರೆ. ಎಲ್ಲ ಸರಿಹೋದ ಮೇಲೆ, “ಗೊಂಬೆ, ಸರಿ ಆಚೆಗೆ!” ಬೆಹಿಜೆ ಹಾನಿಮ್ ಬಂದು ಆ ಬೆಳಕಿನಲ್ಲಿ ನಿಲ್ಲುತ್ತಾರೆ. ಲೈಟಿನವರು ಯಾರೂ ಅವಳ ಹೆಸರು ಕೇಳಿರಲಿಲ್ಲ. ಗೊಂಬೆ, ಎಡಕ್ಕೆ. ಗೊಂಬೆ, ಗದ್ದ ಎತ್ತು.

ಕ್ಯಾಮೆರಾ ದಿನವಿಡೀ ಅವಳನ್ನೇ ನೋಡುತ್ತಿತ್ತು. ಒಂದು ಚಣವೂ ಉಳಿಸಿಕೊಳ್ಳುತ್ತಿರಲಿಲ್ಲ.

ದೊಡ್ಡಮ್ಮ ಪ್ರತಿ ವಾರ ಟಿವಿಗೆ ಮೂಗು ತಾಗಿಸಿ ಕೂರುತ್ತಿದ್ದರು. “ಕೈಯಾದ್ರೂ ಕಂಡೀತೇನೋ ಅಂತ ನೋಡ್ತೀನಿ ಕಣೇ. ನಾಲ್ಕು ಜನಕ್ಕೆ ಹೇಳಿದ್ದೀನಿ, ಮಗಳು ಟಿವೀಲಿದ್ದಾಳೆ ಅಂತ.”

ರೆಂಗಿನ್‌ಗೆ ಬೇಕಾಗಿದ್ದದ್ದು ಒಂದೇ. ಒಂದು ಕ್ಲೋಸಪ್. ಅವಳ ಮುಖ, ಇಡೀ ಮುಖ, ಪರದೆ ತುಂಬ.

ನಿರ್ದೇಶಕ ಓರ್ಕುನ್ ಬೇ, ಅಂದರೆ ಓರ್ಕುನ್ ಸಾಹೇಬ. ಸೆಟ್ಟಿನಲ್ಲಿ ಎಲ್ಲರೂ ಅವನನ್ನು ಹೋಜಾ ಅನ್ನುತ್ತಿದ್ದರು, ಮೇಷ್ಟ್ರೇ ಅನ್ನುವ ಹಾಗೆ. ಕೆಲಸ ಬಲ್ಲವನು, ಅದರಲ್ಲಿ ಎರಡು ಮಾತಿಲ್ಲ. ಮಾತಿಗಿಂತ ಜಾಗದಲ್ಲಿ ಪಾತ್ರ ತೋರಿಸುತ್ತಿದ್ದ. ಅತ್ತೆ ಯಾವಾಗಲೂ ಮೆಟ್ಟಿಲ ತುದಿಯಲ್ಲಿ. ಕ್ಯಾಮೆರಾ ಕೆಳಗೆ, ನೆಲಕ್ಕೆ ಹತ್ತಿರ, ಕತ್ತೆತ್ತಿ ಅವಳನ್ನು ನೋಡುವ ಹಾಗೆ. ಸೊಸೆ ಬಂದಳೋ, ಕ್ಯಾಮೆರಾ ಮೇಲೆ ಹೋಗುತ್ತಿತ್ತು. ಹಜಾರದ ಆ ಕಪ್ಪು ಬಿಳಿ ಹಾಸುಗಲ್ಲಿನ ನಡುವೆ ಸೊಸೆ ಬಿದ್ದುಹೋದ ಚಮಚದಷ್ಟು ಕಾಣುತ್ತಿದ್ದಳು. ಸುಳ್ಳು ಹೇಳುವವರನ್ನು ಕನ್ನಡಿಯ ಪಕ್ಕ ನಿಲ್ಲಿಸುತ್ತಿದ್ದ.

“ಬೆಹಿಜೆ ಹಾನಿಮ್ ಯಾರು ಹೇಳು ಗೊಂಬೆ?” ಅಂದಿದ್ದನಂತೆ ಒಮ್ಮೆ. “ಒಬ್ಬ ಮಂಡಿ ನೋವಿನ ಮುದುಕಿ. ಮೆಟ್ಟಿಲು ಕೊಟ್ಟೆ ನೋಡು, ಮಹಾರಾಣಿ ಆದ್ಲು.”

“ಮನೆ ಕೆಲಸದವರನ್ನ ಯಾಕೆ ಹೋಜಾ ಯಾವಾಗ್ಲೂ ಬಾಗಿಲ ಚೌಕಟ್ಟಲ್ಲೇ ನಿಲ್ಲಿಸ್ತೀರಿ? ಅರ್ಧ ಮುಖಾನೇ ಕಾಣುತ್ತೆ.”

“ಇಡೀ ಮುಖ ಕೊಟ್ರೆ ನೋಡೋರು ಅವರ ಕತೆ ಕೇಳ್ತಾರೆ. ಅವರಿಗೆಲ್ಲಿದೆ ಕತೆ?”

ಆ ಮಹಲಿನ ನಿಜವಾದ ಒಡತಿ ಆಗ ಗೋಡೆಯಾಚೆ ಆ ಬಲ್ಬಿನ ಕೆಳಗಿದ್ದರು. ಕೆಮ್ಮುತ್ತಿದ್ದರು.

ಕೆಮ್ಮೇ ತೊಂದರೆಯಾದದ್ದು. ಹೆಡ್‌ಫೋನ್ ಹಾಕಿಕೊಂಡ ಸೌಂಡಿನವನು ಪ್ರತಿ ಶಾಟಿಗೂ ಕೈ ಎತ್ತುತ್ತಿದ್ದ. “ಮುದುಕಿ!” ಮತ್ತೆ ಮೊದಲಿಂದ. ಕೊನೆಗೆ ಓರ್ಕುನ್ ಬೇ ರೆಂಗಿನ್‌ಳನ್ನು ಕರೆದ.

“ಮುಂದಿನ ವಾರ ಹೊಸ ಕೆಲಸದವಳು ಬರ್ತಾಳೆ ಕತೇಲಿ. ಅತ್ತೆಗೆ ವಿಷ ಹಾಕೋಳು ಅವಳೇ. ಅವಳಿಗೆ ಇಡೀ ಮುಖ ಕೊಡ್ತೀನಿ. ನಿನಗೆ ಬೇಕಾ?”

ರೆಂಗಿನ್‌ ತಲೆ ಆಡಿಸಿದಳು.

“ಹಾಗಾದ್ರೆ ಆ ಕೋಣೇಲಿ ಕೂತ್ಕೋ. ಅಲ್ಲಿಂದ ಒಂದು ಸದ್ದು ಬರಬಾರ್ದು.”

ಕೂತಳು. ಮೊದಲು ಪುದೀನ ಮಿಠಾಯಿ ಕೊಟ್ಟಳು. ಆಮೇಲೆ ಬಿಸಿನೀರು. ಸಾಹಿರೆ ಹಾನಿಮ್ ಪಾಪ, ದಿಂಬಿಗೆ ಮುಖ ಒತ್ತಿಕೊಂಡು ಕೆಮ್ಮುತ್ತಿದ್ದರಂತೆ. ಕೆಮ್ಮಿ, “ಕೇಳಿಸ್ತಾ?” ಅಂತ ಕೇಳುತ್ತಿದ್ದರಂತೆ.

ಆ ದಿನ ದೊಡ್ಡ ದೃಶ್ಯ. ಬೆಹಿಜೆ ಹಾನಿಮ್ ಮಹಡಿಯಿಂದ ಇಳಿದು ಬರುವುದು. ಟಕ್, ಟಕ್, ಟಕ್... ನಡುವೆ ಒಂದು ಕಿರ್ರ್.

ಸಾಹಿರೆ ಹಾನಿಮ್ ಎದ್ದು ಕೂತರು. “ನನ್ನ ಮೆಟ್ಟಿಲ ಮೇಲೆ ಯಾರದು?”

“ಯಾರೂ ಇಲ್ಲ ಅಜ್ಜಿ. ಮಲಗಿ.”

“ನಡುವಿನ ಮೆಟ್ಟಿಲು ತುಳಿದ್ಲು. ನಾನು ಯಾವತ್ತೂ ಅದನ್ನ ತುಳಿಯಲ್ಲ, ಅದು ಕಿರ್ ಅನ್ನುತ್ತೆ. ಯಾರೋ ಗೊತ್ತಿಲ್ಲದೋಳು ಬಂದಿದ್ದಾಳೆ ಮನೆಗೆ... ಬಿಡು ನನ್ನ. ಹೋಗಿ ಕೇಳ್ತೀನಿ.”

ಎದ್ದರು. ಜೋಡು ಹಾಕಿಕೊಂಡರು. ಕೆಮ್ಮು ಬಂತು. ಒಂದು ಸಲ, ಎರಡು ಸಲ. ಶಾಟ್ ಕೆಟ್ಟಿತು. ರೆಂಗಿನ್ ಸೊಂಟದಲ್ಲಿದ್ದ ವಾಕಿಟಾಕಿ ಗರಗರ ಅಂದಿತು.

“ರೆಂಗಿನ್, ಮುಖ ಬೇಕಾ ಬೇಡ್ವಾ ನಿಂಗೆ?”

ಅವನು ಅವಳನ್ನು ಹೆಸರಿಟ್ಟು ಕರೆದದ್ದು ಅದೇ ಮೊದಲು.

ಇದನ್ನು ಹೇಳುವಾಗ ರೆಂಗಿನ್ ನನ್ನ ಕಡೆ ನೋಡಲಿಲ್ಲ. ಗ್ಲಾಸಿನೊಳಗೆ ನೋಡುತ್ತಾ ಹೇಳಿದಳು. ಉಣ್ಣೆಯ ಶಾಲು ತೆಗೆದುಕೊಂಡು ಮುದುಕಿಯ ಬಾಯಿಗೆ ಸುತ್ತಿದಳಂತೆ. ಎರಡು ಸುತ್ತು. “ಒಂಚೂರು ಹೊತ್ತು ಅಜ್ಜಿ. ಒಂಚೂರೇ.” ಹೊರಗೆ ಬಂದು ಬೀಗ ತಿರುಗಿಸಿದಳು. ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

ಒಳಗಿಂದ ಉಗುರಿನ ಸದ್ದು. ಕರ... ಕರ... ಬೆನ್ನಿಗೇ ಗೀಚಿದ ಹಾಗೆ. ಹಜಾರದಲ್ಲಿ ಬೆಹಿಜೆ ಹಾನಿಮ್ ಇಳಿಯುತ್ತಿದ್ದರು. ಟಕ್, ಟಕ್...

ಕರ...

ಆಮೇಲೆ ಏನೂ ಇಲ್ಲ.

“ಕಟ್! ಇದು ನೋಡಿ ಶಾಟ್ ಅಂದ್ರೆ!” ಎಲ್ಲರೂ ಚಪ್ಪಾಳೆ ತಟ್ಟಿದರು.

ಬೀಗ ತೆಗೆದರೆ ಬಾಗಿಲು ಅರ್ಧಕ್ಕೇ ನಿಂತಿತು. ಸಾಹಿರೆ ಹಾನಿಮ್ ಬಾಗಿಲಿಗೆ ಅಡ್ಡ ಬಿದ್ದಿದ್ದರು.

ನೆವ್ರಾ ಬಂದಳು. ಬಗ್ಗಿ ಮೂಗಿನ ಹತ್ತಿರ ಕೈ ಹಿಡಿದಳು. ಶಾಲು ಬಿಚ್ಚಿ ಮಡಚಿದಳು. ಯಾರು ಸುತ್ತಿದ್ದು ಅಂತ ಕೇಳಲಿಲ್ಲ. “ಚಳಿಗಾಲ ದಾಟಲ್ಲ ಅಂದಿದ್ರು ಡಾಕ್ಟ್ರು,” ಅಂದಳು. ಆಮೇಲೆ ಹಜಾರದ ಕಡೆ ತಿರುಗಿ, “ಅವರದು ಮುಗೀತಾ?”

ಓರ್ಕುನ್ ಬೇ ಬಂದು ಎದೆಯ ಮೇಲೆ ಕೈ ಇಟ್ಟುಕೊಂಡು, ಸಾವಿನ ಮನೆಯಲ್ಲಿ ಹೇಳುವ ಮಾತು ಹೇಳಿದ. “ನಿಮ್ಮ ತಲೆ ಕ್ಷೇಮವಾಗಿರಲಿ ನೆವ್ರಾ ಹಾನಿಮ್. ದೊಡ್ಡ ಜೀವ... ಒಂದೇ ಒಂದು ಟೇಕ್ ಇದೆ. ಐದೇ ನಿಮಿಷ. ಇನ್ನು ಹೇಗೂ ಸದ್ದಿರಲ್ಲ.”

“ಮಾಡ್ಕೊಳ್ಳಿ,” ಅಂದಳು ನೆವ್ರಾ.

ಮಾಡಿಕೊಂಡರು.

ಮಾರನೇ ದಿನ ಮಣ್ಣು ಮಾಡಿದರು. ಮಗನ ಹಡಗು ಯಾವುದೋ ದೂರದ ಬಂದರಿನಲ್ಲಿತ್ತು, ಬರಲಾಗಲಿಲ್ಲ. ಅಕ್ಕಪಕ್ಕದ ಹೆಂಗಸರು ಸತ್ತವರ ಹೆಸರಿಗೆ ಹಿಟ್ಟು ಹುರಿದು ಹಲ್ವ ಮಾಡಿದರು. ಸಾಹಿರೆ ಹಾನಿಮ್ಮರ ಆ ಕಪ್ಪು ಜೋಡನ್ನು ಒರೆಸಿ, ಮುಂಬಾಗಿಲ ಹೊಸ್ತಿಲ ಹೊರಗೆ, ಮೂತಿ ಬೀದಿಯ ಕಡೆ ಮಾಡಿ ಇಟ್ಟರು. ನಮ್ಮಲ್ಲಿ ಹಾಗೆ. ಸತ್ತವರಿಗೆ ತಿಳಿಯಬೇಕಲ್ಲ, ಹೊರಡುವ ಹೊತ್ತಾಯಿತು ಅಂತ. ಇಲ್ಲದವರು ಯಾರೋ ಬಂದು ತೊಟ್ಟುಕೊಂಡು ಹೋಗುತ್ತಾರೆ. ಯಾರೂ ಒಯ್ಯದಿದ್ದರೆ ಅಲ್ಲೇ ಇರಬೇಕು. ಏನೇ ಆಗಲಿ, ತಿರುಗಿ ಒಳಗೆ ತರುವ ಹಾಗಿಲ್ಲ. ಮೂರು ವರ್ಷದ ಮಗುವಿಗೂ ಗೊತ್ತು ಅದು.

ಆ ಜೋಡನ್ನು ಯಾರೂ ಒಯ್ಯಲಿಲ್ಲ. ಎಳೆದು ಎಳೆದು ಎಡಗಾಲಿನ ಅಟ್ಟೆ ಸವೆದುಹೋಗಿತ್ತು.

ಧಾರಾವಾಹಿ ನಿಲ್ಲುವುದಿಲ್ಲ. ಮಣ್ಣು ಮಾಡಿದ ಮಾರನೇ ರಾತ್ರಿಯೇ ಶೂಟಿಂಗ್. ರೆಂಗಿನ್‌ಳ ದೃಶ್ಯ.

ಒಂದೇ ಉಸಿರಿನ ಶಾಟ್ ಅದು. ಹೊಸ ಕೆಲಸದವಳು ಬೀದಿಯಿಂದ ಗೇಟು ತೆಗೆದು ಬರುತ್ತಾಳೆ. ಕ್ಯಾಮೆರಾ ಅವಳ ಹಿಂದೆಯೇ ಅಂಗಳ ದಾಟಿ, ಹೊಸ್ತಿಲು ದಾಟಿ, ಹಜಾರಕ್ಕೆ. ಅಲ್ಲಿ ಅವಳು ಮೆಟ್ಟಿಲಿಗೆ ಬೆನ್ನು ಮಾಡಿ ತಿರುಗಬೇಕು. ಎರಡೂ ಕೈಯಲ್ಲಿ ಗಂಟು. “ಒಳಗೆ ಬರಬಹುದಾ ಹಾನಿಮ್?” ಅನ್ನಬೇಕು. ಆಗ ಕ್ಯಾಮೆರಾ ಹತ್ತಿರ ಬರುತ್ತದೆ. ಇನ್ನೂ ಹತ್ತಿರ. ಪರದೆ ತುಂಬ ಅವಳ ಮುಖ.

ಎಲ್ಲ ಸಿದ್ಧವಾಯಿತು. ಓರ್ಕುನ್ ಬೇ ಮಾನಿಟರ್ ನೋಡಿ ಕೂಗಿದ. “ಏನದು ಹೊಸ್ತಿಲ ಮೇಲೆ?”

“ತೀರಿಕೊಂಡವರ ಜೋಡು ಹೋಜಾ,” ಅಂದ ಫೋಕಸ್ ಹಿಡಿಯುವ ಹಾಲಿತ್ ಅಣ್ಣ.

“ತೆಗೀರಿ. ಅತ್ತೆ ಬಾಗಿಲು ತೆಗೆಯೋ ಶಾಟ್ ಹೋದ ವಾರ ತೆಗೆದಾಯ್ತು. ಅದ್ರಲ್ಲಿ ಜೋಡಿಲ್ಲ. ಇದ್ರಲ್ಲಿದ್ರೆ ಹೊಂದಲ್ಲ.”

“ಎಲ್ಲಿಡೋದು? ಅಂಗಳ ಪೂರ್ತಿ ಫ್ರೇಮಲ್ಲಿದೆ. ಬೀದೀನೂ ಇದೆ.”

“ಒಳಗಿಡಿ. ಬಾಗಿಲ ಹಿಂದೆ.”

ಯಾರೂ ಅಲುಗಾಡಲಿಲ್ಲ.

ಬೆಹಿಜೆ ಹಾನಿಮ್ ಶಾಲು ಬಿಗಿಯಾಗಿ ಹೊದ್ದುಕೊಂಡರು. “ಓರ್ಕುನ್, ಮಗನೇ, ಬೇಡ. ಸತ್ತವರ ಜೋಡು ಒಳಗೆ ತರಬಾರ್ದು.”

“ನಿಮ್ಮನ್ನ ಸಾಯಿಸೋ ದೃಶ್ಯ ಬರೆಸಲಾ ಹಾನಿಮ್? ಆಮೇಲೆ ನಿಮ್ಮ ಜೋಡೂ ಇಡೋಣ ಹೊರಗೆ.”

ಅವರು ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು. ಲೈಟಿನವರು ಆಕಾಶ ನೋಡಿದರು. ಹಾಲಿತ್ ಅಣ್ಣ ಸಿಗರೇಟು ಹುಡುಕುವ ಹಾಗೆ ಜೇಬು ತಡಕಿದ.

“ಸರಿ ಬಿಡಿ,” ಅಂದ ಓರ್ಕುನ್ ಬೇ. “ಈ ಶಾಟೇ ಬೇಡ. ಕೆಲಸದವಳನ್ನ ಬಾಗಿಲ ಚೌಕಟ್ಟಲ್ಲಿ ತೋರಿಸಿ ಮುಗಿಸ್ತೀನಿ. ಅರ್ಧ ಮುಖ.”

ರೆಂಗಿನ್ ಗಂಟು ಕೆಳಗಿಟ್ಟಳು. ಹೋಗಿ ಬಗ್ಗಿದಳು. ಆ ಜೋಡನ್ನು ಎತ್ತಿಕೊಂಡು ಹೊಸ್ತಿಲು ದಾಟಿ ಒಳಗೆ ಬಂದಳು. ಬಾಗಿಲ ಹಿಂದೆ ಇಟ್ಟಳು.

ಒಳಭಾಗ ಬೆಚ್ಚಗಿತ್ತಂತೆ. ಆಗಷ್ಟೇ ಕಾಲು ತೆಗೆದ ಹಾಗೆ.

ಹಾಲಿತ್ ಅಣ್ಣ ಟೇಪು ತಂದ. ಕ್ಯಾಮೆರಾದಿಂದ ಮುಖಕ್ಕೆ ಎಷ್ಟು ದೂರ ಅಂತ ಅಳೆದು, ಅದರ ಲೆಕ್ಕದಲ್ಲಿ ಫೋಕಸ್ ಇಡಬೇಕಲ್ಲ. ಹಜಾರದಲ್ಲಿ ಒಂದೇ ದೀಪ, ರೆಂಗಿನ್ ಮುಖಕ್ಕೆ ಮಾತ್ರ. ಅವಳ ಹಿಂದೆ ಮೆಟ್ಟಿಲೆಲ್ಲ ಕತ್ತಲು. ಅವನು ಕ್ಯಾಮೆರಾದ ಪಕ್ಕ ಬಗ್ಗಿಕೊಂಡು, ತಲೆ ಎತ್ತದೆ ಟೇಪಿನ ತುದಿ ಮುಂದೆ ಬಿಟ್ಟ. ಸರ್‌ರ್‌ರ್...

“ಹಿಡ್ಕೊ.”

ಟೇಪು ರೆಂಗಿನ್‌ಳ ಕಿವಿಯ ಪಕ್ಕ ಹಾದು ಹೋಯಿತು. ತಣ್ಣನೆ ತಗಡು ಕೆನ್ನೆಗೆ ತಗುಲಿತು. ಇನ್ನೂ ಹೋಯಿತು. ಸರ್‌ರ್... ನಿಂತಿತು. ಬಿಗಿಯಾಯಿತು.

“ಆಯ್ತು. ಬಿಡು.”

ಯಾರೋ ಬಿಟ್ಟರು. ಟೇಪು ಓಡಿ ಬಂದು ಟಪ್ ಅಂತ ಡಬ್ಬಿ ಸೇರಿತು.

ಹಾಲಿತ್ ಅಣ್ಣ ಆಗ ತಲೆ ಎತ್ತಿದ. ನೋಡಿದ. ಅವಳ ಎರಡೂ ಕೈಯಲ್ಲಿ ಗಂಟಿತ್ತು.

“ರೆಂಗಿನ್...” ದನಿ ಇಳಿದಿತ್ತು. “ಟೇಪು ಯಾರು ಹಿಡಿದಿದ್ದು?”

“ನಾನಲ್ಲ ಅಣ್ಣ.”

“ನಿನ್ನ ಹಿಂದೆ ಯಾರು?”

ಅವಳು ತಿರುಗಲಿಲ್ಲ. ತಿರುಗಲು ಆಗಲಿಲ್ಲ ಅನ್ನುತ್ತಾಳೆ.

“ದೆವ್ವದ ಧಾರಾವಾಹಿ ಆಮೇಲೆ ಮಾಡೋಣ,” ಅಂದ ಓರ್ಕುನ್ ಬೇ ಪಕ್ಕದ ಕೋಣೆಯಿಂದ. “ಬೆಳಗಾದ್ರೆ ಎಡಿಟಿಂಗ್‌ಗೆ ಹೋಗ್ಬೇಕು ಇದು. ರೋಲ್!”

ಹಾಲಿತ್ ಅಣ್ಣ ಬಿಸ್ಮಿಲ್ಲಾ ಅಂದು, ತಾನೇ ಹತ್ತಿರ ಬಂದು, ಅವಳ ಕಣ್ಣಿನ ಪಕ್ಕಕ್ಕೆ ಟೇಪು ಹಿಡಿದು ಸರಿಯಾಗಿ ಅಳೆದುಕೊಂಡು ಹೋದ. ಶುರುವಾಯಿತು.

ಗೇಟು. ಅಂಗಳ. ಹೊಸ್ತಿಲು. ರೆಂಗಿನ್ ಹಜಾರಕ್ಕೆ ಬಂದು ತಿರುಗಿದಳು. ಮಾನಿಟರಿನಲ್ಲಿ ಅವಳ ಮುಖ ಬಂತು. ಚೆನ್ನಾಗಿ ಬಂತಂತೆ. ರೆಪ್ಪೆಗಳನ್ನು ಎಣಿಸಬಹುದಿತ್ತು ಅಂತ ಹಾಲಿತ್ ಅಣ್ಣನೇ ಆಮೇಲೆ ಹೇಳಿದ. ಕ್ಯಾಮೆರಾ ಹತ್ತಿರ ಬಂತು. ಅವಳು ಬಾಯಿ ತೆರೆದಳು.

“ಒಳಗೆ ಬರಬಹುದಾ...”

ಫೋಕಸ್ ಜಾರಿತು.

ಅವಳ ಮುಖ ನಿಧಾನವಾಗಿ ಕರಗಿತು, ಬಿಸಿನೀರಿನ ಹಬೆ ಕೂತ ಗಾಜಿನಾಚೆ ಇದ್ದ ಹಾಗೆ. ಅದರ ಹಿಂದೆ ಕತ್ತಲಲ್ಲಿದ್ದ ಮೆಟ್ಟಿಲು ಎದ್ದು ಬಂತು. ಮರದ ಗೆರೆ, ಮೇಣದ ಕಲೆ, ಹಿಡಿಕಂಬದ ಗೀರು, ಎಲ್ಲ ಕಣ್ಣಿಗೆ ಹೊಡೆಯುವ ಹಾಗೆ. ಅಲ್ಲಿ ಯಾರೂ ಇರಲಿಲ್ಲ. ಖಾಲಿ ಮೆಟ್ಟಿಲು. ಆದರೂ ಕ್ಯಾಮೆರಾ ಅಲ್ಲೇ ನೆಟ್ಟಿತ್ತು.

“ಹಾಲಿತ್! ಕುಡಿದಿದ್ದೀಯಾ?”

“ಅಲ್ಲಾನ ಆಣೆ ಹೋಜಾ, ನಾನು ಮುಟ್ಟಿಲ್ಲ. ಫೋಕಸ್ ಚಕ್ರ ಹಾಗೇ ಇದೆ ನೋಡಿ.”

ಮತ್ತೊಂದು ಟೇಕ್. ಅದೇ ಜಾಗಕ್ಕೆ ಬಂದಾಗ ಮತ್ತೆ ಜಾರಿತು. ಮುಖ ಹೋಯಿತು, ಮೆಟ್ಟಿಲು ಬಂತು.

ಇನ್ನೊಂದು. ಈ ಸಲ ಸೌಂಡಿನವನು ಕೈ ಎತ್ತಿದ. ಎತ್ತಿದ ಕೈ ಹಾಗೇ ನಿಂತಿತು. ಹೆಡ್‌ಫೋನನ್ನು ಮೆಲ್ಲಗೆ ಕಿವಿಯಿಂದ ತೆಗೆದ.

“ಏನು?” ಅಂದ ಓರ್ಕುನ್ ಬೇ.

“ಮೆಟ್ಟಿಲು ಹತ್ತುತ್ತಿದ್ದಾರೆ ಹೋಜಾ.” ಅವನ ತುಟಿ ಬಿಳಚಿಕೊಂಡಿತ್ತು. “ಟಕ್... ಸರ್ರ್... ಹಾಗೆ. ಆದ್ರೆ... ನಡುವಿನದು ಕಿರ್ ಅನ್ಲಿಲ್ಲ. ಅದೊಂದನ್ನ ಬಿಟ್ಟು ಹತ್ತಿದ್ರು.”

ಬೆಹಿಜೆ ಹಾನಿಮ್ ಎದ್ದು ಹೋಗಿಬಿಟ್ಟರು. ಚಪ್ಪಲಿಯನ್ನೂ ಹಾಕಿಕೊಳ್ಳಲಿಲ್ಲ, ಬರಿಗಾಲಲ್ಲಿ ಕಾರು ಹತ್ತಿದರಂತೆ.

ಓರ್ಕುನ್ ಬೇ ಹೆದರಲಿಲ್ಲ. ಮಾನಿಟರಿನ ಮುಂದೆ ಕೂತು, ತೆಗೆದದ್ದನ್ನು ಹಿಂದಕ್ಕೆ ತಿರುಗಿಸಿ ನೋಡಿದ. ಮತ್ತೆ ನೋಡಿದ. ಮೊಣಕಾಲ ಮೇಲೆ ಕೈ ಬಡಿದ.

“ಇದೇ ಇರಲಿ!”

“ಏನು ಹೋಜಾ?”

“ಇದೇ! ನೋಡ್ರೋ. ಕೆಲಸದವಳು ಮಾತಾಡ್ತಾನೇ ಇದ್ದಾಳೆ, ಕ್ಯಾಮೆರಾ ಅವಳನ್ನ ಬಿಟ್ಟು ಮನೆಯನ್ನ ನೋಡ್ತಿದೆ. ಇವಳು ಏನೂ ಅಲ್ಲ. ಮನೆಯೇ ಎಲ್ಲ. ಒಂದೇ ಶಾಟಲ್ಲಿ ಬಂತಲ್ಲ ಇವಳ ಪಾತ್ರ! ನಾನೇ ಯೋಚಿಸಿದ್ರೂ ಹೊಳೀತಿರಲಿಲ್ಲ.”

ರೆಂಗಿನ್ ಹೋಗಿ ಅವನ ಮುಂದೆ ನಿಂತಳು. ಗಂಟು ಇನ್ನೂ ಕೈಯಲ್ಲೇ ಇತ್ತು.

“ಹೋಜಾ... ಇನ್ನೊಂದೇ ಒಂದು ಸಲ. ಮುಖ ಕೊಡ್ತೀನಿ ಅಂದಿದ್ರಿ.”

“ಕೊಟ್ಟೆನಲ್ಲ. ಇದೆಯಲ್ಲ ಫ್ರೇಮಲ್ಲಿ.”

“ಕಾಣಲ್ಲ ಹೋಜಾ ಅದು. ನಾನು... ಮುದುಕಿ ಸದ್ದು ಮಾಡದ ಹಾಗೆ... ನೀವು ಹೇಳಿದ್ದನ್ನೆಲ್ಲ ಮಾಡಿದೆ.”

ಸುತ್ತ ಇದ್ದವರು ಕೇಬಲ್ ಸುತ್ತುವುದನ್ನು ನಿಲ್ಲಿಸಿದರು.

ಓರ್ಕುನ್ ಬೇ ಅವಳನ್ನು ನೋಡಿದ. ಆಮೇಲೆ ಮೆಲ್ಲಗೆ, ಸಮಾಧಾನದ ದನಿಯಲ್ಲಿ ಹೇಳಿದ. “ನಾನು ಸದ್ದು ಬೇಡ ಅಂದೆ ಗೊಂಬೆ. ಬೇರೆ ಏನಾದ್ರೂ ಹೇಳಿದ್ನಾ? ಹೇಳಿದ್ರೆ ಇವರೆಲ್ಲರ ಮುಂದೆ ಹೇಳು.”

ಅವಳು ಗಂಟನ್ನು ಎದೆಗೊತ್ತಿಕೊಂಡಳು.

“ಮುಖ ಬೇಕಾದಷ್ಟು ಸಿಗುತ್ತವೆ,” ಅಂದ, ಕೋಟು ಹಾಕಿಕೊಳ್ಳುತ್ತಾ. “ಇಂಥ ಮೆಟ್ಟಿಲು ಸಿಗಲ್ಲ. ಪ್ಯಾಕಪ್!”

ಲೈಟು ಆರಿಸುವ ಮುಂಚೆ ಹಾಲಿತ್ ಅಣ್ಣ ಬಾಗಿಲ ಹಿಂದೆ ನೋಡಿದ, ಜೋಡನ್ನು ಮತ್ತೆ ಹೊರಗಿಡೋಣ ಅಂತ. ಅಲ್ಲಿರಲಿಲ್ಲ. ಯಾರೋ ಬ್ಯಾಟರಿ ಬಿಟ್ಟರು. ಮೆಟ್ಟಿಲ ತುದಿಯಲ್ಲಿತ್ತು. ಬೆಹಿಜೆ ಹಾನಿಮ್ ನಿಲ್ಲುತ್ತಿದ್ದ ಜಾಗದಲ್ಲೇ, ಒಂದಕ್ಕೊಂದು ಒತ್ತಿ, ಮೂತಿ ಕೆಳಗೆ ನಿಂತವರ ಕಡೆ. ಎಲ್ಲರೂ ಕತ್ತೆತ್ತಿ ನೋಡುತ್ತಾ ನಿಂತರು. ಯಾರೂ ಹತ್ತಲಿಲ್ಲ.

ಆ ಕಂತು ಬಂದ ರಾತ್ರಿ ನಾನು ದೊಡ್ಡಮ್ಮನ ಮನೆಯಲ್ಲಿದ್ದೆ. ಇಡೀ ಬೀದಿಯನ್ನೇ ಕರೆದಿದ್ದರು ದೊಡ್ಡಮ್ಮ. ಸೂರ್ಯಕಾಂತಿ ಬೀಜದ ತಟ್ಟೆಗಳು, ಚಹಾ. ರೆಂಗಿನ್ ಮೂಲೆಯಲ್ಲಿ, ಬಾಗಿಲ ಹತ್ತಿರ ಕೂತಿದ್ದಳು. ಯಾರಿಗೂ ಏನೂ ಹೇಳಿರಲಿಲ್ಲ.

“ಬಂತು, ಬಂತು! ಅಗೋ ಗೇಟು! ನನ್ನ ಮಗಳ ಬೆನ್ನು ಅದು!” ಅಂದರು ದೊಡ್ಡಮ್ಮ. “ಸುಮ್ನಿರ್ರೇ, ಈಗ ಮುಖ ಬರುತ್ತೆ...”

ಬಂತು. ಕರಗಿತು.

ದೊಡ್ಡಮ್ಮ ಎದ್ದು ಹೋಗಿ ಟಿವಿಯ ನೆತ್ತಿಗೆ ಬಡಿದರು. ಮತ್ತೆ ಬಡಿದರು. ಸೆರಗಿನಂತಿದ್ದ ತಲೆವಸ್ತ್ರದ ತುದಿಯಿಂದ ಪರದೆ ಒರೆಸಿದರು. ಪರದೆಯ ಮೇಲೆ ಖಾಲಿ ಮೆಟ್ಟಿಲು ಥಳಥಳ ಹೊಳೆಯುತ್ತಿತ್ತು.

ಪಕ್ಕದ ಮನೆಯ ಹೆಂಗಸು ಬೀಜದ ಸಿಪ್ಪೆ ಉಗಿದು ಕೇಳಿದಳು. “ಆಗ್ಲೇ ಆಯ್ತಾ? ನಾನು ಮೆಟ್ಟಿಲು ನೋಡ್ತಾ ಕೂತುಬಿಟ್ಟೆ. ಎಷ್ಟು ಚೆಂದದ ಮನೆ!”

ಯಾರೋ ನಕ್ಕರು. ದೊಡ್ಡಮ್ಮನೂ ನಕ್ಕರು, ಏನು ಮಾಡುತ್ತಾರೆ. ರೆಂಗಿನ್ ಎದ್ದು ಅಡುಗೆಮನೆಗೆ ಹೋದಳು. ನಾನು ಹಿಂದೆಯೇ ಹೋದೆ. ಆಗಲೇ ಇದನ್ನೆಲ್ಲ ಹೇಳಿದ್ದು... ಇಲ್ಲ, ಆವತ್ತು ಹೇಳಲಿಲ್ಲ. ಆವತ್ತು ನಲ್ಲಿ ಬಿಟ್ಟುಕೊಂಡು ಬರೀ ಕೈ ತೊಳೆಯುತ್ತಿದ್ದಳು. ಹೇಳಿದ್ದು ಆಮೇಲೆ, ನಮ್ಮ ಮನೆಗೆ ಬಂದಾಗ.

ಕೇಳಿದವರೆಲ್ಲ ಓರ್ಕುನ್ ಬೇಗೆ ಏನಾಯಿತು ಅಂತ ಕೇಳುತ್ತಾರೆ. ಏನೂ ಆಗಲಿಲ್ಲ. ಚೆನ್ನಾಗಿದ್ದಾನೆ. ಆ ಶಾಟಿಗೆ ಪತ್ರಿಕೆಗಳೆಲ್ಲ ಹೊಗಳಿ ಬರೆದವು. ಈಗ ಇನ್ನೂ ದೊಡ್ಡ ಮಹಲಿನಲ್ಲಿ ಇನ್ನೂ ದೊಡ್ಡ ಧಾರಾವಾಹಿ ಮಾಡುತ್ತಿದ್ದಾನೆ. ನೆವ್ರಾಗೂ ಏನೂ ಆಗಲಿಲ್ಲ. ಮಹಡಿಗೆ ಮಾತ್ರ ಹೋಗುವುದಿಲ್ಲವಂತೆ. ಮಂಡಿ ನೋವು ಅನ್ನುತ್ತಾಳೆ.

ರೆಂಗಿನ್ ಆ ಕೆಲಸ ಬಿಟ್ಟಳು. ಔಷಧಿ ಅಂಗಡಿಯೊಂದರಲ್ಲಿ ಸೇರಿಕೊಳ್ಳಲು ಹೊಸ ಗುರುತಿನ ಚೀಟಿ ಬೇಕಾಯಿತು. ಫೋಟೋ ತೆಗೆಸಲು ನಾನೇ ಜೊತೆಗೆ ಹೋದೆ. ಅವಳ ಬ್ಯಾಗು ನನ್ನ ಕೈಯಲ್ಲಿತ್ತು, ಅದಕ್ಕೇ ಹೇಳುತ್ತಿದ್ದೇನೆ, ನಾನು ಅಲ್ಲೇ ಇದ್ದೆ.

“ಅಲುಗಾಡಬೇಡಿ ತಂಗಿ,” ಅಂದ ಸ್ಟುಡಿಯೋದವನು.

“ಅಲುಗಾಡಿಲ್ಲ ಅಣ್ಣ.”

ಮತ್ತೆ ತೆಗೆದ. ಲೆನ್ಸ್ ಒರೆಸಿ ತೆಗೆದ. ಕ್ಯಾಮೆರಾ ಬದಲಾಯಿಸಿ ತೆಗೆದ. ಆಮೇಲೆ ನನ್ನನ್ನು ಅದೇ ಸ್ಟೂಲಿನ ಮೇಲೆ ಕೂರಿಸಿ ಒಂದು ತೆಗೆದ. ನನ್ನ ಮುಖ ಸರಿಯಾಗಿ ಬಂತು. ಅವನು ಅವಳ ಕಡೆ ನೋಡುವುದನ್ನು ಬಿಟ್ಟ. ಬೇರೆ ಕಡೆ ಹೋಗಿ ಅಂದ. ಬೇರೆ ಕಡೆಯೂ ಹೋದೆವು. ಕೊನೆಗೆ ಕಚೇರಿಯ ಗುಮಾಸ್ತೆಗೆ ಸಾಕಾಗಿ, ಇದ್ದದ್ದನ್ನೇ ಹಾಕಿ ಚೀಟಿ ಮಾಡಿಕೊಟ್ಟಳು.

ನಂಬದಿದ್ದರೆ ಬಿಡಿ. ಚೀಟಿ ಅವಳ ಹತ್ತಿರ ಇದೆ, ಯಾವಾಗ ಬೇಕಾದರೂ ಬಂದು ನೋಡಬಹುದು. ಹೆಸರಿದೆ, ಹುಟ್ಟಿದ ತಾರೀಕಿದೆ, ಹೆಗಲಿದೆ. ಮುಖದ ಜಾಗದಲ್ಲಿ ಒಂದು ಮಸುಕು. ಅದರ ಹಿಂದೆ ಸ್ಟುಡಿಯೋದ ನೀಲಿ ಪರದೆ. ಪರದೆಯಲ್ಲಿ ಒಂದು ಕಡೆ ದಾರ ಕಿತ್ತು ಬಂದಿದೆ.

ಆ ದಾರ ಸ್ಪಷ್ಟವಾಗಿ ಕಾಣುತ್ತದೆ.